ಪತ್ರಿಕೆಯ ಹೆಸರೇ ವಿಳಾಸ: ಆಕರ ಸೂಚಿಯ ತಂತ್ರಾಂಶ ಬಳಸುವಾಗ ನಾನು ಕಲಿತದ್ದು

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಹತ್ತನೆಯ ತರಗತಿಯ ವಿದ್ಯುತ್ ಪಾಠ ಬಂದಿತ್ತು. ಪೂರ್ವ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ: ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಅನೇಕ ಮಕ್ಕಳು ‘ಬ್ಯಾಟರಿಗೆ ಹತ್ತಿರ ಇರುವುದು’ ಎಂದು ಬರೆದಿದ್ದರು. ಮೊದಲ ಬಲ್ಬು ಸ್ವಲ್ಪ ಕರೆಂಟನ್ನು ತಿಂದುಬಿಡುತ್ತದೆ, ಉಳಿದದ್ದು ಮಾತ್ರ ಎರಡನೆಯದಕ್ಕೆ ಹೋಗುತ್ತದೆ ಎಂಬುದು ಅವರ ತರ್ಕ. ಈ ತಪ್ಪು ಕಲ್ಪನೆಯನ್ನೇ ನನ್ನ ಕ್ರಿಯಾ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡೆ.

ಕರಡು ವರದಿಯನ್ನು ಶಾಲೆಯ ಮಾರ್ಗದರ್ಶಿ ಶಿಕ್ಷಕಿಗೆ ತೋರಿಸಿದಾಗ ಅವರು ಕೊನೆಯ ಪುಟಗಳನ್ನು ನಿಧಾನವಾಗಿ ಓದಿದರು. ಒಂದು ನಮೂದಿನ ಮೇಲೆ ಬೆರಳಿಟ್ಟು, “ಈ ಲೇಖನ ನನಗೂ ಬೇಕಲ್ಲಮ್ಮ. ಪ್ರತಿ ವರ್ಷ ಮಕ್ಕಳು ಇದೇ ಉತ್ತರ ಬರೀತಾರೆ. ನಾಳೆ ಬರುವಾಗ ಒಂದು ಜೆರಾಕ್ಸ್ ತಂದುಕೊಡು” ಎಂದರು. ಆಗಲಿ ಮೇಡಂ ಎಂದು ಬಂದೆ. ಆದರೆ ಆ ಲೇಖನ ನನ್ನ ಬಳಿ ಇರಲಿಲ್ಲ. ಹಳೆಯ ಪ್ರಬಂಧವೊಂದರ ಗ್ರಂಥಋಣದಿಂದ ಆ ಸಾಲನ್ನು ನಕಲು ಮಾಡಿ ತಂತ್ರಾಂಶಕ್ಕೆ ಸೇರಿಸಿದ್ದೆ. ತಂತ್ರಾಂಶ ಅದನ್ನು ಉಳಿದ ನಮೂದುಗಳ ಜೊತೆ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟಿತ್ತು. ಅಚ್ಚುಕಟ್ಟಾಗಿ ಕಂಡದ್ದರಿಂದ ನನಗೂ ಅನುಮಾನ ಬಂದಿರಲಿಲ್ಲ.

ಆ ಒಂದು ಲೇಖನವನ್ನು ಹುಡುಕುತ್ತಾ ಹೋದಾಗ ತಿಳಿದ ವಿಷಯಗಳನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಒಂದೇ ಹೆಸರು, ಎರಡು ಪತ್ರಿಕೆ

ನಾನು ನಕಲು ಮಾಡಿದ್ದ ಸಾಲಿನಲ್ಲಿ ಪತ್ರಿಕೆಯ ಹೆಸರು ‘ಫಿಸ್. ಎಜುಕ್.’ ಎಂದಿತ್ತು. ಸಂಪುಟ 12, ವರ್ಷ 1996. ಸಂಕ್ಷಿಪ್ತ ರೂಪವನ್ನು ಬಿಡಿಸಿದರೆ ‘ಫಿಸಿಕ್ಸ್ ಎಜುಕೇಷನ್’. ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ಬ್ರಿಟನ್ನಿನ ಐಒಪಿ ಪ್ರಕಾಶನದ ಪತ್ರಿಕೆ. ಅದರ ಮೊದಲ ಸಂಪುಟ 1966ರದು, ವರ್ಷಕ್ಕೊಂದು ಸಂಪುಟ. ಹಾಗಾಗಿ ವರ್ಷದಿಂದ 1965ನ್ನು ಕಳೆದರೆ ಸಂಪುಟದ ಸಂಖ್ಯೆ ಬರುತ್ತದೆ. 2000ನೇ ಇಸವಿಯದು 35ನೇ ಸಂಪುಟ. 1996ಕ್ಕೆ 31 ಬರಬೇಕು, ನನ್ನ ಸಾಲಿನಲ್ಲಿ 12 ಇದೆ. 12ನೇ ಸಂಪುಟ ಎಂದಾದರೆ ವರ್ಷ 1977 ಆಗಬೇಕು. ಲೆಕ್ಕ ಎಲ್ಲೂ ಕೂಡಲಿಲ್ಲ.

ಗ್ರಂಥಾಲಯದಲ್ಲಿ ವಿಚಾರಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ನಮ್ಮ ದೇಶದ ಭೌತಶಾಸ್ತ್ರ ಶಿಕ್ಷಕರ ಸಂಘ, ಅಂದರೆ ಇಂಡಿಯನ್ ಅಸೋಸಿಯೇಷನ್ ಆಫ್ ಫಿಸಿಕ್ಸ್ ಟೀಚರ್ಸ್, ಹೊರತರುವ ಪತ್ರಿಕೆಯ ಹೆಸರೂ ‘ಫಿಸಿಕ್ಸ್ ಎಜುಕೇಷನ್’! ಹೆಸರಿನಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ. ನನ್ನ ಲೇಖನ ಅದರಲ್ಲಿ ಬಂದಿರಬಹುದು, ಅಥವಾ ಮೂಲ ಪ್ರಬಂಧದಲ್ಲೇ ವರ್ಷವನ್ನೋ ಸಂಪುಟವನ್ನೋ ತಪ್ಪಾಗಿ ಬರೆದಿರಬಹುದು. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಹೋಗಿ ಬಂದೆ. ಕೆಲವು ಹಳೆಯ ಸಂಪುಟಗಳಿದ್ದವು, ಬೇಕಾದದ್ದು ಸಿಗಲಿಲ್ಲ.

ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅಂಚೆಯವರು ಮನೆತನದ ಹೆಸರನ್ನೋ ಬೀದಿಯನ್ನೋ ಕೇಳುತ್ತಾರೆ. ಆಕರ ಸೂಚಿಯಲ್ಲಿ ಪತ್ರಿಕೆಯ ಹೆಸರೂ ಹಾಗೆಯೇ ಒಂದು ವಿಳಾಸ. ಓದುವವರು ಅದನ್ನು ಹಿಡಿದು ಲೇಖನದ ಬಾಗಿಲಿಗೆ ತಲುಪಬೇಕು. ತಲುಪದಿದ್ದರೆ ಆ ಸಾಲು ಎಷ್ಟು ಅಂದವಾಗಿದ್ದರೂ ಪ್ರಯೋಜನವಿಲ್ಲ.

ತಂತ್ರಾಂಶ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಾನು ಬಳಸುತ್ತಿರುವುದು ಜೊಟೆರೊ. ಇದು ಉಚಿತ, ಮುಕ್ತ ತಂತ್ರಾಂಶ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2006ರಲ್ಲಿ ಬಿಡುಗಡೆಯಾಯಿತು. ಎಂಡ್‌ನೋಟ್, ಮೆಂಡಲೇ, ಜಾಬ್‌ರೆಫ್ ಇತ್ಯಾದಿ ತಂತ್ರಾಂಶಗಳೂ ಇವೆ. ಎಲ್ಲವುಗಳ ಒಳಗಿನ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಅದನ್ನು ಮೂರು ಪದರಗಳಾಗಿ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

ಮೊದಲನೆಯದು ಮಾಹಿತಿ. ಲೇಖಕರು, ಶೀರ್ಷಿಕೆ, ಪತ್ರಿಕೆ, ಸಂಪುಟ, ಸಂಚಿಕೆ, ಪುಟ, ವರ್ಷ ಪ್ರತಿಯೊಂದಕ್ಕೂ ಒಂದು ಖಾನೆ. ಎರಡನೆಯದು ಶೈಲಿ. ಯಾವುದು ಮೊದಲು ಬರಬೇಕು, ಯಾವುದು ಓರೆ ಅಕ್ಷರದಲ್ಲಿರಬೇಕು, ಪತ್ರಿಕೆಯ ಹೆಸರು ಪೂರ್ಣವಾಗಿ ಬರಬೇಕೋ ಸಂಕ್ಷಿಪ್ತವಾಗಿ ಬರಬೇಕೋ ಎಂಬ ನಿಯಮಗಳು ಇಲ್ಲಿವೆ. ಮೂರನೆಯದು ನಮ್ಮ ವರದಿ. ಇಲ್ಲಿ ಮಾಹಿತಿ ಮತ್ತು ಶೈಲಿ ಸೇರಿ ಆಕರ ಸೂಚಿ ಮೂಡುತ್ತದೆ.

ಶೈಲಿಯನ್ನು ಬದಲಾಯಿಸಿದರೆ ಇಡೀ ಪಟ್ಟಿ ಕ್ಷಣದಲ್ಲಿ ಬದಲಾಗುತ್ತದೆ. ಈ ಅನುಕೂಲ ಉಳಿಯಬೇಕಾದರೆ ಶೈಲಿ ಮಾಡಬೇಕಾದ ಕೆಲಸವನ್ನು ನಾವು ಮಾಹಿತಿಯ ಖಾನೆಯಲ್ಲಿ ಮಾಡಬಾರದು. ನಾನು ಮಾಡಿದ್ದು ಅದನ್ನೇ. ಪೂರ್ಣ ಹೆಸರು ಇರಬೇಕಾದ ‘ಪಬ್ಲಿಕೇಷನ್’ ಖಾನೆಯಲ್ಲಿ ಸಂಕ್ಷಿಪ್ತ ರೂಪ ತುಂಬಿದ್ದೆ. ಪೂರ್ಣ ಹೆಸರಿನಿಂದ ಸಂಕ್ಷಿಪ್ತ ರೂಪಕ್ಕೆ ಹೋಗಬಹುದು, ಸಂಕ್ಷಿಪ್ತ ರೂಪದಿಂದ ಪೂರ್ಣ ಹೆಸರಿಗೆ ಖಚಿತವಾಗಿ ಮರಳಿ ಬರಲಾಗದು. ಹಾಗಾಗಿ ನಮ್ಮ ಕಾಲೇಜು ಹೇಳಿದ ಎಪಿಎ ಶೈಲಿಯನ್ನು ಆರಿಸಿದರೂ ಪಟ್ಟಿಯಲ್ಲಿ ಪೂರ್ಣ ಹೆಸರು ಬರಲಿಲ್ಲ. ಎಪಿಎ ಶೈಲಿಯಲ್ಲಿ ಪತ್ರಿಕೆಯ ಹೆಸರನ್ನು ಸಂಕ್ಷೇಪಿಸುವಂತಿಲ್ಲ.

ಇನ್ನೊಂದು ಮಾತು. ಖಾನೆಯಲ್ಲಿ ತುಂಬಿದ್ದು ನಿಜವೇ ಎಂದು ತಂತ್ರಾಂಶ ಪರೀಕ್ಷಿಸುವುದಿಲ್ಲ. ನಾವು ಕೊಟ್ಟದ್ದನ್ನು ನಿಯಮದಂತೆ ಜೋಡಿಸುವುದಷ್ಟೇ ಅದರ ಕೆಲಸ.

ಸಂಕ್ಷಿಪ್ತ ರೂಪದ ನಿಯಮ

ವಿಜ್ಞಾನದ ಹಲವು ಶೈಲಿಗಳು ಪತ್ರಿಕೆಗಳ ಹೆಸರನ್ನು ಸಂಕ್ಷೇಪಿಸುತ್ತವೆ. ವೈದ್ಯಕೀಯದ ವ್ಯಾಂಕೂವರ್ ಶೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿಯ ಶೈಲಿ ಇದಕ್ಕೆ ಉದಾಹರಣೆ. ಸಂಕ್ಷೇಪಿಸಲು ಐಎಸ್‌ಒ 4 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಯಾವ ಪದಕ್ಕೆ ಯಾವ ಚಿಕ್ಕ ರೂಪ ಎಂಬ ಪದಪಟ್ಟಿಯನ್ನು ಪ್ಯಾರಿಸ್ಸಿನ ಐಎಸ್‌ಎಸ್‌ಎನ್ ಅಂತರರಾಷ್ಟ್ರೀಯ ಕೇಂದ್ರ ನಿರ್ವಹಿಸುತ್ತದೆ. ‘ಜರ್ನಲ್ ಆಫ್ ಕೆಮಿಕಲ್ ಎಜುಕೇಷನ್’ ಎಂಬುದು ‘ಜೆ. ಕೆಮ್. ಎಜುಕ್.’ ಆಗುತ್ತದೆ. ‘ಆಫ್’, ‘ಅಂಡ್’ ಮುಂತಾದ ಪದಗಳು ಬಿಟ್ಟುಹೋಗುತ್ತವೆ. ಹೆಸರು ಒಂದೇ ಪದದ್ದಾದರೆ ಅದನ್ನು ಕತ್ತರಿಸುವುದಿಲ್ಲ. ‘ನೇಚರ್’ ಎಂಬುದು ‘ನೇಚರ್’ ಆಗಿಯೇ ಉಳಿಯುತ್ತದೆ.

‘ಅಂಡ್’ ಬಿಟ್ಟುಹೋಗುವ ನಿಯಮದಿಂದ ಒಂದು ತೊಡಕು ಹುಟ್ಟುತ್ತದೆ. ‘ಸೈನ್ಸ್ ಎಜುಕೇಷನ್’ ಒಂದು ಪತ್ರಿಕೆ, ‘ಸೈನ್ಸ್ ಅಂಡ್ ಎಜುಕೇಷನ್’ ಬೇರೆಯೇ ಪತ್ರಿಕೆ. ಪ್ರಕಾಶಕರೂ ಬೇರೆ. ನಿಯಮದಂತೆ ಸಂಕ್ಷೇಪಿಸಿದರೆ ಎರಡೂ ‘ಸೈ. ಎಜುಕ್.’ ಆಗಿಬಿಡುತ್ತವೆ. ವಿಜ್ಞಾನ ಬೋಧನೆಯ ಮೇಲೆ ಕ್ರಿಯಾ ಸಂಶೋಧನೆ ಮಾಡುವ ನಮಗೆ ಇವೆರಡೂ ಮತ್ತೆ ಮತ್ತೆ ಎದುರಾಗುತ್ತವೆ.

ಜೊಟೆರೊದಲ್ಲಿ ಸಂಕ್ಷಿಪ್ತ ರೂಪಕ್ಕೆಂದೇ ‘ಜರ್ನಲ್ ಅಬ್ರ್’ ಎಂಬ ಪ್ರತ್ಯೇಕ ಖಾನೆಯಿದೆ. ಪೂರ್ಣ ಹೆಸರು ‘ಪಬ್ಲಿಕೇಷನ್’ನಲ್ಲಿ, ಚಿಕ್ಕ ಹೆಸರು ಇಲ್ಲಿ. ಚಿಕ್ಕ ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಆಗ ಸಂಕ್ಷೇಪಿಸುವ ಶೈಲಿಯಲ್ಲೂ ಪೂರ್ಣ ಹೆಸರೇ ಬರುತ್ತದೆ. ಪೂರ್ಣ ಹೆಸರಿನಿಂದ ಯಾರೂ ದಾರಿ ತಪ್ಪುವುದಿಲ್ಲ.

ವರ್ಡ್ ಕಡತದೊಳಗಿನ ಜೊಟೆರೊ ಪಟ್ಟಿಯಲ್ಲಿ ‘ಡಾಕ್ಯುಮೆಂಟ್ ಪ್ರಿಫರೆನ್ಸಸ್’ ತೆರೆದಾಗ, ಸಂಕ್ಷೇಪಿಸುವ ಶೈಲಿ ಆರಿಸಿದ್ದರೆ, ಮೆಡ್‌ಲೈನ್ ಸಂಕ್ಷೇಪಗಳನ್ನು ಬಳಸಬೇಕೇ ಎಂಬ ಆಯ್ಕೆ ಕಾಣುತ್ತದೆ. ಅದಕ್ಕೆ ಗುರುತು ಹಾಕಿದರೆ ನಾವು ತುಂಬಿದ ಚಿಕ್ಕ ಹೆಸರನ್ನು ತಂತ್ರಾಂಶ ನೋಡುವುದೇ ಇಲ್ಲ. ಮೆಡ್‌ಲೈನ್ ಮುಖ್ಯವಾಗಿ ವೈದ್ಯಕೀಯ ಮತ್ತು ಜೀವವಿಜ್ಞಾನದ ಪತ್ರಿಕೆಗಳ ಸೂಚಿ. ಶಿಕ್ಷಣದ ಪತ್ರಿಕೆಗಳನ್ನು ಹೆಚ್ಚಾಗಿ ಉಲ್ಲೇಖಿಸುವ ನಾವು ಆ ಗುರುತನ್ನು ತೆಗೆದಿಡುವುದು ಒಳ್ಳೆಯದು.

ಎಂಟು ಅಂಕಿಗಳ ಗುರುತು

ಹೆಸರೇ ಒಂದಾದರೆ ಗುರುತಿಸುವುದು ಹೇಗೆ? ಅದಕ್ಕಾಗಿಯೇ ಐಎಸ್‌ಎಸ್‌ಎನ್ ಇದೆ. ಪುಸ್ತಕಕ್ಕೆ ಐಎಸ್‌ಬಿಎನ್ ಇದ್ದಂತೆ ನಿಯತಕಾಲಿಕಕ್ಕೆ ಎಂಟು ಅಂಕಿಗಳ ಈ ಸಂಖ್ಯೆ. ಬ್ರಿಟನ್ನಿನ ‘ಫಿಸಿಕ್ಸ್ ಎಜುಕೇಷನ್’ನದು 0031-9120, ನಮ್ಮ ದೇಶದ್ದು 0970-5953. ಹೆಸರು ಒಂದೇ ಆದರೂ ಸಂಖ್ಯೆ ಬೇರೆ. ಮುದ್ರಿತ ಮತ್ತು ಅಂತರ್ಜಾಲ ಆವೃತ್ತಿಗಳಿಗೆ ಬೇರೆ ಬೇರೆ ಸಂಖ್ಯೆ ಇರಬಹುದು ಎಂಬುದನ್ನೂ ನೆನಪಿಡಬೇಕು.

ಈ ಸಂಖ್ಯೆಯ ಕೊನೆಯ ಅಂಕಿ ಪರೀಕ್ಷಾ ಅಂಕಿ. ಎಡದಿಂದ ಬಲಕ್ಕೆ ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2, 1ರಿಂದ ಗುಣಿಸಿ ಕೂಡಿದರೆ ಬರುವ ಮೊತ್ತ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 0031-9120ಕ್ಕೆ ಲೆಕ್ಕ ಹಾಕಿ ನೋಡೋಣ: 0, 0, 18, 5, 36, 3, 4, 0. ಮೊತ್ತ 66, ಅಂದರೆ 11ರ ಆರು ಪಟ್ಟು. ಇನ್ನೊಂದರದು 63, 42, 0, 20, 27, 10, 3 ಸೇರಿ 165 ಬರುತ್ತದೆ, 11ರ ಹದಿನೈದು ಪಟ್ಟು (ಮೊದಲ ಅಂಕಿ ಸೊನ್ನೆಯಾದ್ದರಿಂದ ಅದನ್ನು ಬಿಟ್ಟಿದ್ದೇನೆ). ಕೊನೆಯ ಸ್ಥಾನಕ್ಕೆ 10 ಬೇಕಾದಾಗ ಎಕ್ಸ್ ಅಕ್ಷರ ಬರೆಯುತ್ತಾರೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ. ಪ್ರೌಢಶಾಲೆಯ ಗಣಿತದಲ್ಲಿ ಭಾಜ್ಯತೆಯ ಪಾಠಕ್ಕೆ ಇದನ್ನು ಚಟುವಟಿಕೆಯಾಗಿಯೂ ಬಳಸಬಹುದು. ಶಾಲೆಯ ಗ್ರಂಥಾಲಯಕ್ಕೆ ಬರುವ ಪತ್ರಿಕೆಯ ಮೇಲಿನ ಸಂಖ್ಯೆಯನ್ನು ಮಕ್ಕಳೇ ಪರೀಕ್ಷಿಸಲಿ.

ಎಪಿಎ ಪಟ್ಟಿಯಲ್ಲಿ ಐಎಸ್‌ಎಸ್‌ಎನ್ ಕಾಣಿಸುವುದಿಲ್ಲ. ಆದರೂ ನಮ್ಮ ಸಂಗ್ರಹದಲ್ಲಿ ಅದು ಇರಲಿ. ಎರಡು ಪತ್ರಿಕೆಗಳು ಬೆರೆಯುವ ಭಯವಿದ್ದಲ್ಲಿ ನಮಗೆ ದಾರಿ ತೋರುವುದು ಅದೇ. ಲೇಖನಕ್ಕೆ ಡಿಒಐ ಇದ್ದರೆ ಇನ್ನೂ ಒಳ್ಳೆಯದು. ಜೊಟೆರೊದಲ್ಲಿ ಮಾಂತ್ರಿಕ ದಂಡದ ಚಿಹ್ನೆಯನ್ನು ಒತ್ತಿ ಡಿಒಐ ಕೊಟ್ಟರೆ ಉಳಿದ ಖಾನೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ತುಂಬಿದ ಮೇಲೆ ಲೇಖನದ ಮೊದಲ ಪುಟದೊಂದಿಗೆ ಒಮ್ಮೆ ತಾಳೆ ನೋಡಬೇಕು.

ಒಂದೇ ಪತ್ರಿಕೆಗೆ ಹಲವು ಹೆಸರು

ಮೇಲಿನದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 1996ರಿಂದ ಹೊರತರುತ್ತಿರುವ ‘ರೆಸೊನೆನ್ಸ್’ ನಮಗೆಲ್ಲ ಪರಿಚಿತ. ನನ್ನ ಸಂಗ್ರಹದಲ್ಲಿ ಅದು ಮೂರು ರೂಪಗಳಲ್ಲಿ ಕುಳಿತಿತ್ತು: ಬರೀ ‘ರೆಸೊನೆನ್ಸ್’, ಉಪಶೀರ್ಷಿಕೆ ಸೇರಿದ ‘ರೆಸೊನೆನ್ಸ್: ಜರ್ನಲ್ ಆಫ್ ಸೈನ್ಸ್ ಎಜುಕೇಷನ್’, ಮತ್ತು ‘ರೆಸೊನ್’. ಓದುವವರಿಗೆ ಮೂರು ಪತ್ರಿಕೆಗಳೆಂದು ತೋರಬಹುದು. ಪರಿಹಾರ ಸುಲಭ. ಜೊಟೆರೊದ ನಡುವಿನ ಪಟ್ಟಿಯಲ್ಲಿ ‘ಪಬ್ಲಿಕೇಷನ್’ ಅಂಕಣವನ್ನು ತೆರೆದು, ಅದರ ತಲೆಬರಹದ ಮೇಲೆ ಒತ್ತಿದರೆ ನಮೂದುಗಳು ಪತ್ರಿಕೆಯ ಹೆಸರಿನ ಕ್ರಮದಲ್ಲಿ ನಿಲ್ಲುತ್ತವೆ. ಭಿನ್ನ ರೂಪಗಳು ಒಂದರ ಕೆಳಗೊಂದು ಕಾಣುತ್ತವೆ. ಒಂದು ರೂಪವನ್ನು ನಿರ್ಧರಿಸಿ ಉಳಿದವನ್ನು ತಿದ್ದಿದರಾಯಿತು. ಮುಂದೆ ಹೊಸ ನಮೂದು ಸೇರಿಸುವಾಗ ಮೊದಲ ಅಕ್ಷರಗಳನ್ನು ಬರೆಯುತ್ತಿದ್ದಂತೆ ಹಿಂದೆ ಬಳಸಿದ ಹೆಸರನ್ನು ತಂತ್ರಾಂಶವೇ ಸೂಚಿಸುತ್ತದೆ.

ಆದರೆ ಎಲ್ಲ ವ್ಯತ್ಯಾಸವನ್ನೂ ತಿದ್ದಬಾರದು. 1979ರಲ್ಲಿ ಆರಂಭವಾದ ‘ಯುರೋಪಿಯನ್ ಜರ್ನಲ್ ಆಫ್ ಸೈನ್ಸ್ ಎಜುಕೇಷನ್’ 1987ರಿಂದ ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಸೈನ್ಸ್ ಎಜುಕೇಷನ್’ ಆಯಿತು. ಸಂಪುಟದ ಸಂಖ್ಯೆ ಮಾತ್ರ ಮುಂದುವರಿಯಿತು. ವಿದ್ಯುತ್ ಮಂಡಲದ ತಪ್ಪು ಕಲ್ಪನೆಗಳ ಬಗ್ಗೆ 1980ರ ದಶಕದ ಮೊದಲ ಭಾಗದ ಲೇಖನ ಉಲ್ಲೇಖಿಸುವಾಗ ಹಳೆಯ ಹೆಸರನ್ನೇ ಬರೆಯಬೇಕು. ಲೇಖನ ಅಚ್ಚಾದ ದಿನ ಪತ್ರಿಕೆಗೆ ಯಾವ ಹೆಸರಿತ್ತೋ ಅದೇ ಸರಿ. ಗ್ರಂಥಾಲಯದ ಕಪಾಟಿನಲ್ಲಿರುವ ಸಂಪುಟದ ಬೆನ್ನಿನ ಮೇಲೂ ಅದೇ ಹೆಸರು ಇರುತ್ತದೆ.

ಕನ್ನಡ ಪತ್ರಿಕೆಗಳ ಹೆಸರು

ಕನ್ನಡ ಮಾಧ್ಯಮದಲ್ಲಿ ವರದಿ ಬರೆಯುವವರಿಗೆ ಇನ್ನೂ ಕೆಲವು ತೊಡಕುಗಳಿವೆ. ಇವು ಯಾವ ಕೈಪಿಡಿಯಲ್ಲೂ ನನಗೆ ಸಿಗಲಿಲ್ಲ, ಕೆಲಸ ಮಾಡುತ್ತಲೇ ಕಂಡುಕೊಂಡೆ.

ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತದಿಂದ ಹೆಸರನ್ನು ನಕಲು ಮಾಡಿ ಅಂಟಿಸಿದರೆ ಜೊಟೆರೊದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದು ಯುನಿಕೋಡ್ ಅಲ್ಲದ್ದರಿಂದ ಹೀಗಾಗುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಸೇರಿಸಬೇಕು.

ಎರಡನೆಯದು ಸೊನ್ನೆ. ‘ಸಂಶೋಧನೆ’ ಮತ್ತು ‘ಸ೦ಶೋಧನೆ’ ಎರಡನ್ನೂ ನೋಡಿ. ಮೊದಲನೆಯದರಲ್ಲಿ ಅನುಸ್ವಾರವಿದೆ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ. ಕಣ್ಣಿಗೆ ಬಹುತೇಕ ಒಂದೇ, ಗಣಕಕ್ಕೆ ಬೇರೆ ಬೇರೆ. ಹುಡುಕಿದರೆ ಸಿಗುವುದಿಲ್ಲ, ವಿಂಗಡಿಸಿದರೆ ಜೊತೆಗೆ ನಿಲ್ಲುವುದಿಲ್ಲ. ‘ಜರ್ನಲ್ ಆಫ್’ ಎಂದು ಕನ್ನಡದಲ್ಲಿ ಬರೆಯುವಾಗ ಅರ್ಧಾಕ್ಷರದ ನಂತರ ಕೆಲವು ಕೀಲಿಮಣೆಗಳು ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತವೆ. ಅದರಿಂದಲೂ ಇದೇ ತೊಂದರೆ.

ಮೂರನೆಯದು ಪದಗಳ ನಡುವಿನ ಜಾಗ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮಾಸಪತ್ರಿಕೆಯನ್ನು ಕೆಲವರು ‘ಬಾಲ ವಿಜ್ಞಾನ’ ಎಂದು ಬಿಡಿಸಿ ಬರೆಯುತ್ತಾರೆ, ಕೆಲವರು ‘ಬಾಲವಿಜ್ಞಾನ’ ಎಂದು ಕೂಡಿಸುತ್ತಾರೆ. ಎರಡನ್ನೂ ಬಳಸಿದರೆ ಪಟ್ಟಿಯಲ್ಲಿ ಎರಡು ಪತ್ರಿಕೆಗಳಾಗುತ್ತವೆ. ಮುಖಪುಟವನ್ನು ನೋಡಿ ಒಂದನ್ನೇ ಇಟ್ಟುಕೊಳ್ಳಿ. ‘ಪ್ರಬುದ್ಧ ಕರ್ಣಾಟಕ’ದ ‘ಣ’ವನ್ನು ಇಂದಿನ ರೂಢಿಯಂತೆ ‘ನ’ ಎಂದು ತಿದ್ದುವ ಅಧಿಕಾರವೂ ನಮಗಿಲ್ಲ. ಪತ್ರಿಕೆ ತನ್ನನ್ನು ತಾನು ಹೇಗೆ ಕರೆದುಕೊಂಡಿದೆಯೋ ಹಾಗೆಯೇ ಬರೆಯಬೇಕು.

ಕನ್ನಡ ಪತ್ರಿಕೆಗಳ ಹೆಸರನ್ನು ನಾವೇ ಸಂಕ್ಷೇಪಿಸಲೂ ಬಾರದು. ‘ಬಾ. ವಿ.’ ಎಂದು ಬರೆದರೆ ನಮ್ಮ ತರಗತಿಯವರಿಗೆ ಅರ್ಥವಾದೀತು, ಹತ್ತು ವರ್ಷದ ನಂತರ ವರದಿ ತೆರೆಯುವವರಿಗೆ ಅರ್ಥವಾಗದು.

ಸಲ್ಲಿಸುವ ಮುನ್ನ

ಈಗ ನಾನು ಅನುಸರಿಸುವ ಕ್ರಮ ಹೀಗಿದೆ:

1. ಲೇಖನ ಕೈಯಲ್ಲಿದ್ದಾಗ ಮಾತ್ರ ನಮೂದು ಮಾಡುತ್ತೇನೆ. ಬೇರೆಯವರ ಪಟ್ಟಿಯಿಂದ ಸಿಕ್ಕ ಸುಳಿವುಗಳನ್ನು ‘ಹುಡುಕಬೇಕಾದವು’ ಎಂಬ ಪ್ರತ್ಯೇಕ ಸಂಗ್ರಹದಲ್ಲಿ ಇಡುತ್ತೇನೆ.

2. ಪತ್ರಿಕೆಯ ಪೂರ್ಣ ಹೆಸರು, ಸಂಪುಟ, ಸಂಚಿಕೆ, ಪುಟ, ಸಿಕ್ಕರೆ ಡಿಒಐ ಮತ್ತು ಐಎಸ್‌ಎಸ್‌ಎನ್ ತುಂಬುತ್ತೇನೆ.

3. ವಾರಕ್ಕೊಮ್ಮೆ ಪತ್ರಿಕೆಯ ಹೆಸರಿನ ಕ್ರಮದಲ್ಲಿ ಪಟ್ಟಿಯನ್ನು ನೋಡುತ್ತೇನೆ. ‘ಡುಪ್ಲಿಕೇಟ್ ಐಟಮ್ಸ್’ ವಿಭಾಗದಲ್ಲಿ ಎರಡೆರಡು ಬಾರಿ ಸೇರಿದವುಗಳನ್ನು ಒಂದುಗೂಡಿಸುತ್ತೇನೆ.

4. ತಪ್ಪು ಕಂಡರೆ ವರ್ಡ್ ಕಡತದಲ್ಲಿ ತಿದ್ದುವುದಿಲ್ಲ. ಜೊಟೆರೊದಲ್ಲಿ ತಿದ್ದಿ ‘ರಿಫ್ರೆಶ್’ ಒತ್ತುತ್ತೇನೆ. ಕಡತದ ಪಟ್ಟಿಯಲ್ಲಿ ಕೈಯಿಂದ ಮಾಡಿದ ತಿದ್ದುಪಡಿ ಮುಂದಿನ ರಿಫ್ರೆಶ್‌ನಲ್ಲಿ ಅಳಿಸಿಹೋಗಬಹುದು.

5. ಕನ್ನಡ ಆಕರಗಳು ಮೊದಲು, ಇಂಗ್ಲಿಷ್ ಆಕರಗಳು ನಂತರ ಇರಬೇಕೆಂದು ಕಾಲೇಜು ಕೇಳಿದರೆ, ಎಲ್ಲ ಮುಗಿದ ಮೇಲೆ ಕಡತದ ಒಂದು ಪ್ರತಿ ಮಾಡಿ, ಅದರಲ್ಲಿ ಮಾತ್ರ ತಂತ್ರಾಂಶದ ಕೊಂಡಿಯನ್ನು ಬಿಡಿಸಿ ಕ್ರಮವನ್ನು ಬದಲಾಯಿಸುತ್ತೇನೆ. ಮೂಲ ಕಡತ ಹಾಗೆಯೇ ಇರುತ್ತದೆ.

ಆ ಲೇಖನ ಏನಾಯಿತು?

ಮೊದಲ ಕರಡಿನಲ್ಲಿ 23 ನಮೂದುಗಳಿದ್ದವು. ಒಂದೊಂದನ್ನೂ ಹುಡುಕಿ ಓದಿದ ಮೇಲೆ ಉಳಿದವು 14. ಸಿಗದ ಆ ಲೇಖನವನ್ನು ತೆಗೆದೆ. ಅದರ ಮೇಲೆ ನಿಂತಿದ್ದ ಒಂದು ವಾಕ್ಯವೂ ನನ್ನ ವರದಿಯಲ್ಲಿತ್ತು. ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡಿದ್ದ ವಾಕ್ಯ. ಓದದೆ ಬರೆದದ್ದಾದ್ದರಿಂದ ಅದನ್ನೂ ತೆಗೆಯಬೇಕಾಯಿತು.

ಶಾಲೆಗೆ ಹೋಗಿ ಮಾರ್ಗದರ್ಶಿ ಮೇಡಂಗೆ ನಿಜ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಕ್ಕಳು ಉತ್ತರ ಕಾಪಿ ಹೊಡೆದರೆ ನಾವು ಹೇಗೆ ಕಂಡುಹಿಡಿಯುತ್ತೇವೆ? ಹೇಗೆ ಬಂತು ಅಂತ ಕೇಳ್ತೇವೆ. ನಾನು ಕೇಳಿದ್ದೂ ಅಷ್ಟೇ ಅಲ್ವಾ” ಎಂದರು. ಆಮೇಲೆ, “ಆ ಜಾಗದಲ್ಲಿ ನಮ್ಮ ಮಕ್ಕಳು ಬರೆದ ಉತ್ತರಗಳನ್ನೇ ಹಾಕು. ಅವು ನಿನ್ನ ಕಣ್ಣೆದುರು ಬರೆದದ್ದು” ಎಂದರು. ಹಾಗೆಯೇ ಮಾಡಿದೆ. ಓದಿದ್ದ ಲೇಖನಗಳಲ್ಲಿ ಎರಡರ ಪ್ರತಿಗಳನ್ನು ಅವರಿಗೆ ಕೊಟ್ಟೆ.

ವರದಿಯನ್ನು ಅಂಕಗಳಿಗಾಗಿ ಸಲ್ಲಿಸುತ್ತೇವೆ, ನಿಜ. ಆದರೆ ಕೊನೆಯ ಪುಟದ ಪಟ್ಟಿಯನ್ನು ಒಬ್ಬ ಶಿಕ್ಷಕಿ ನಾಳಿನ ಪಾಠಕ್ಕಾಗಿ ತೆರೆಯಬಹುದು ಎಂಬುದು ನನಗೆ ಅಂದು ಗೊತ್ತಾಯಿತು. ಈಗ ಪತ್ರಿಕೆಯ ಹೆಸರು ತುಂಬುವಾಗಲೆಲ್ಲ, ಈ ಸಾಲನ್ನು ಹಿಡಿದು ಮೇಡಂ ಹೊರಟರೆ ಲೇಖನ ಸಿಗುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ.